ಬಂಗಾಳದ 60 ಕುರಿ, ಮೆಕಾರ್ಥರ್ ಮನೆತನ ಮತ್ತು ಕ್ಯಾಮ್ಡನ್ ಪಾರ್ಕ್

ಪ್ಯಾರಮಟ್ಟ ನಿವಾಸಿ

ಸಿಡ್ನಿಯಲ್ಲಿರುವ ಕನ್ನಡದವರಿಗೆ ಹ್ಯಾರಿಸ್ ಪಾರ್ಕ್ ಗೊತ್ತೇ ಇರುತ್ತದೆ. ವಿಗ್ರಮ್ ಸ್ಟ್ರೀಟಿನ ತುಂಬ ನಮ್ಮ ದೇಶದ ಹೋಟೆಲುಗಳು. ಹೋದ ಭಾನುವಾರ ಅಲ್ಲಿ ಮಸಾಲೆ ದೋಸೆ ತಿಂದೆವು. ಹೊಟ್ಟೆ ಭಾರ ಆಯಿತು, ಸ್ವಲ್ಪ ನಡೆಯೋಣ ಎಂದು ಹೊರಟೆವು. ರೋಸ್‌ಹಿಲ್ ಕಡೆ ಹತ್ತು ಹದಿನೈದು ನಿಮಿಷ ನಡೆದರೆ ಎಲಿಜಬೆತ್ ಫಾರ್ಮ್ ಎಂಬ ಹಳೇ ಮನೆ ಸಿಗುತ್ತದೆ. ಎಂಟು ವರ್ಷದಿಂದ ಇದೇ ಊರಲ್ಲಿದ್ದೇನೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ!

ತಗ್ಗಿದ ಮಾಡು, ಅಗಲವಾದ ಜಗಲಿ. ದೂರದಿಂದ ನೋಡಿದರೆ ಮಲೆನಾಡಿನ ಎಸ್ಟೇಟ್ ಬಂಗಲೆಯ ಹಾಗಿದೆ. 1793ರಲ್ಲಿ ಕಟ್ಟಲು ಶುರು ಮಾಡಿದ್ದು. ಆಸ್ಟ್ರೇಲಿಯಾದಲ್ಲಿ ಯುರೋಪಿನವರು ಕಟ್ಟಿ ಇವತ್ತಿಗೂ ಉಳಿದಿರುವ ಕಟ್ಟಡಗಳಲ್ಲಿ ಇದರಷ್ಟು ಹಳೆಯದು ಇನ್ನೊಂದಿಲ್ಲವಂತೆ. ಈಗ ಮ್ಯೂಸಿಯಂ. ಆದರೆ ಹಗ್ಗ ಕಟ್ಟಿ ದೂರ ನಿಲ್ಲಿಸುವುದಿಲ್ಲ. ಕುರ್ಚಿಯ ಮೇಲೆ ಕೂರಬಹುದು, ಡ್ರಾಯರ್ ಎಳೆದು ನೋಡಬಹುದು. ಮಗಳಿಗೆ ಬಹಳ ಖುಷಿ.

ಇದು ಜಾನ್ ಮೆಕಾರ್ಥರ್ ಮತ್ತು ಎಲಿಜಬೆತ್ ಮೆಕಾರ್ಥರ್ ದಂಪತಿಯ ಮನೆ. ಇವರೇ ಆಮೇಲೆ ಕ್ಯಾಮ್ಡನ್ ಪಾರ್ಕ್ ಎಂಬ ದೊಡ್ಡ ಕುರಿ ಎಸ್ಟೇಟ್ ಕಟ್ಟಿದವರು. ಆಸ್ಟ್ರೇಲಿಯಾದ ಉಣ್ಣೆ ಉದ್ಯಮದ ಮೊದಲ ಪುಟದಲ್ಲೇ ಇವರ ಹೆಸರು ಬರುತ್ತದೆ. ಅಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಇದು: ಮೆಕಾರ್ಥರ್ 1794ರಲ್ಲಿ ಕೊಂಡ ಕುರಿಗಳು ಇಂಗ್ಲೆಂಡಿನವಲ್ಲ. ಕಲ್ಕತ್ತೆಯಿಂದ ಹಡಗಿನಲ್ಲಿ ಬಂದ ಬಂಗಾಳದ ಕುರಿಗಳು. ಹೆಣ್ಣುಕುರಿ, ಮರಿ ಎಲ್ಲ ಸೇರಿ 60.

ಹಾಗಾದರೆ ಆಸ್ಟ್ರೇಲಿಯಾದ ಉಣ್ಣೆಗೆ ನಮ್ಮ ದೇಶದ ಕುರಿಯೇ ಮೂಲವಾ? ತಿಳಿದವರು ಹೇಳಿ.

ಕುರಿಹಟ್ಟಿ

ನಮ್ಮದು ಹಿರಿಯೂರು ಕಡೆ. ಕುರಿ ಮನೆಯಲ್ಲೇ ಹುಟ್ಟಿ ಬೆಳೆದವನು. ಬಂಗಾಳದ ಕುರಿಗೆ ಉಣ್ಣೆ ಎಲ್ಲಿಂದ ಬರಬೇಕು ಸ್ವಾಮಿ? ಅದು ಕೂದಲು ಕುರಿ. ನಮ್ಮ ಬನ್ನೂರು ಕುರಿ ನೋಡಿದ್ದೀರಲ್ಲ, ಹಾಗೇ. ತಿನ್ನುವುದಕ್ಕೆ ಸರಿ, ನೂಲುವುದಕ್ಕೆ ಅಲ್ಲ. ಡೆಕ್ಕನಿ ಕುರಿಯದ್ದಾದರೆ ಕಂಬಳಿಯಾದರೂ ಆಗುತ್ತದೆ, ಅದೂ ಮೈಗೆ ಚುಚ್ಚುತ್ತದೆ. ಬಂಗಾಳದ್ದರಲ್ಲಿ ಅದೂ ಇಲ್ಲ.

ಹಳೇ ಪುಸ್ತಕ

ಇಬ್ಬರೂ ಹೇಳಿದ್ದು ಸರಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ಕಾಲದ ಸಿಡ್ನಿ ಎಂದರೆ ಕೈದಿಗಳ ಊರು. ಮೊದಲ ವರ್ಷಗಳಲ್ಲಿ ಉಪವಾಸ ಬಿದ್ದದ್ದೂ ಉಂಟು. ಇಂಗ್ಲೆಂಡಿನಿಂದ ಸಾಮಾನು ಬರಲು ಆರೇಳು ತಿಂಗಳು ಬೇಕು. ಕಲ್ಕತ್ತೆ ಅದಕ್ಕಿಂತ ಹತ್ತಿರ. ಹಾಗಾಗಿ ಅಕ್ಕಿ, ಬೇಳೆ, ದನ, ಕುರಿ ಎಲ್ಲ ಅಲ್ಲಿಂದ ತರಿಸಿದರು. ತರಿಸಿದ್ದು ಮಾಂಸಕ್ಕೆ. ಉಣ್ಣೆಯ ಯೋಚನೆ ಯಾರಿಗೂ ಇರಲಿಲ್ಲ.

ಮೆಕಾರ್ಥರ್ ಆ 60 ಕುರಿಗಳನ್ನು ಒಬ್ಬ ಅಧಿಕಾರಿಯಿಂದ ಕೊಂಡ. ಸ್ವಲ್ಪ ದಿನಕ್ಕೆ ಐರ್ಲೆಂಡಿನಿಂದ ಬಂದ ಹಡಗಿನ ಕ್ಯಾಪ್ಟನ್ ಹತ್ತಿರ ಎರಡು ಹೆಣ್ಣುಕುರಿ, ಒಂದು ಎಳೇ ಟಗರು ಸಿಕ್ಕವು. ಆ ಐರಿಷ್ ಟಗರಿಗೂ ಬಂಗಾಳದ ಕುರಿಗೂ ಹುಟ್ಟಿದ ಮರಿಗಳ ಮೈಮೇಲೆ ಕೂದಲು ಉಣ್ಣೆ ಎರಡೂ ಬೆರೆತು ಬೆಳೆದವು. ಈ ನೆಲದಲ್ಲಿ ಒಳ್ಳೇ ಉಣ್ಣೆ ಬೆಳೆಯಬಹುದು ಎಂಬ ಯೋಚನೆ ತನಗೆ ಹೊಳೆದದ್ದು ಆ ಮರಿಗಳನ್ನು ನೋಡಿದಾಗ ಎಂದು ಅವನೇ ಆಮೇಲೆ ಹೇಳಿಕೊಂಡಿದ್ದಾನೆ.

ನಿಜವಾದ ಉಣ್ಣೆ ಕುರಿ ಬಂದದ್ದು 1797ರಲ್ಲಿ. ಸ್ಪೇನಿನ ಮೆರಿನೊ ತಳಿ. ಆ ಕಾಲದಲ್ಲಿ ಸ್ಪೇನ್ ಈ ಕುರಿಗಳನ್ನು ಸುಲಭವಾಗಿ ಹೊರಗೆ ಬಿಡುತ್ತಿರಲಿಲ್ಲ. ಹೇಗೋ ಕೆಲವು ಡಚ್ಚರ ಕೈಗೆ ಬಂದು ದಕ್ಷಿಣ ಆಫ್ರಿಕಾದ ಕೇಪ್ ಸೇರಿದ್ದವು. ಅಲ್ಲಿ ಅವನ್ನು ನೋಡಿಕೊಳ್ಳುತ್ತಿದ್ದ ಕರ್ನಲ್ ಗಾರ್ಡನ್ ತೀರಿಕೊಂಡ. ಅವನ ಹೆಂಡತಿ ಕುರಿಗಳನ್ನು ಮಾರಿದಳು. ವಾಟರ್‌ಹೌಸ್, ಕೆಂಟ್ ಎಂಬ ಇಬ್ಬರು ನೌಕಾ ಕ್ಯಾಪ್ಟನ್‌ಗಳು ಕೊಂಡು ಸಿಡ್ನಿಗೆ ತಂದರು. ಮೆಕಾರ್ಥರ್ ಅವರಲ್ಲಿ ಕೆಲವನ್ನು ಪಡೆದ. ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಕೂಡ ಪಡೆದ. ಈ ಪಾದ್ರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ಸುಮ್ನೆ ಓದೋಳು

ಮೇಷ್ಟ್ರೇ, ಈ ಮೆಕಾರ್ಥರ್ ರೈತನಾ, ಸೈನಿಕನಾ? ಎಲ್ಲ ಕಡೆಯೂ ಅವನ ಜಗಳದ ಕತೆಯೇ ಬರುತ್ತದೆ.

ಹಳೇ ಪುಸ್ತಕ

ಸೈನಿಕ. ನ್ಯೂ ಸೌತ್ ವೇಲ್ಸ್ ಕೋರ್ ಎಂಬ ಪಡೆಯಲ್ಲಿ ಲೆಫ್ಟಿನೆಂಟ್ ಆಗಿ 1790ರಲ್ಲಿ ಬಂದ. ಜಗಳ ಅವನಿಗೆ ಊಟ ಇದ್ದ ಹಾಗೆ. ಇಂಗ್ಲೆಂಡ್ ಬಿಡುವ ಮೊದಲೇ ಹಡಗಿನ ಕ್ಯಾಪ್ಟನ್ ಜೊತೆ ದ್ವಂದ್ವಯುದ್ಧ ಮಾಡಿದ. ದಾರಿಯಲ್ಲಿ ಮತ್ತೆ ಜಗಳವಾಗಿ ನಡುಸಮುದ್ರದಲ್ಲೇ ಹೆಂಡತಿ ಮಗುವಿನೊಂದಿಗೆ ಬೇರೆ ಹಡಗು ಹತ್ತಿದ. 1801ರಲ್ಲಿ ತನ್ನದೇ ಪಡೆಯ ಕರ್ನಲ್ ಪ್ಯಾಟರ್ಸನ್‌ಗೆ ದ್ವಂದ್ವಯುದ್ಧದಲ್ಲಿ ಗುಂಡು ಹೊಡೆದ. ಗವರ್ನರ್ ಕಿಂಗ್ ತಲೆ ಚಚ್ಚಿಕೊಂಡು ಅವನನ್ನು ವಿಚಾರಣೆಗೆಂದು ಇಂಗ್ಲೆಂಡಿಗೆ ಅಟ್ಟಿದ.

ಶಿಕ್ಷೆಗೆ ಹೋದವನು ಉಂಬಳಿ ಪಡೆದು ಬಂದ, ನೋಡಿ! ಆಗ ನೆಪೋಲಿಯನ್ ಯುದ್ಧದ ಕಾಲ. ಸ್ಪೇನಿನ ಉಣ್ಣೆ ಸರಿಯಾಗಿ ಸಿಗುತ್ತದೋ ಇಲ್ಲವೋ ಎಂದು ಇಂಗ್ಲೆಂಡಿನ ಗಿರಣಿಯವರಿಗೆ ಆತಂಕ. ಮೆಕಾರ್ಥರ್ ತನ್ನ ಕುರಿಗಳ ಉಣ್ಣೆಯ ಮಾದರಿ ತೋರಿಸಿದ. ವಸಾಹತುಗಳ ಮಂತ್ರಿ ಲಾರ್ಡ್ ಕ್ಯಾಮ್ಡನ್ 5,000 ಎಕರೆ ಕೊಡುವಂತೆ ಆಜ್ಞೆ ಮಾಡಿದ. ಕೆಲಸ ಮಾಡಿ ತೋರಿಸಿದರೆ ಇನ್ನೂ 5,000 ಎಂಬ ಭರವಸೆ ಬೇರೆ. ಹಾಗಾಗಿ ಎಸ್ಟೇಟಿಗೆ ಮಂತ್ರಿಯ ಹೆಸರೇ ಬಂತು. ರಾಜ 3ನೇ ಜಾರ್ಜನ ಕ್ಯೂ ತೋಟದ ಮೆರಿನೊ ಹಿಂಡಿನ ಹರಾಜಿನಲ್ಲೂ ಕೆಲವನ್ನು ಕೊಂಡ. 1805ರಲ್ಲಿ ಆರ್ಗೊ ಎಂಬ ಹಡಗಿನಲ್ಲಿ ವಾಪಸ್ ಬಂದ. ಗ್ರೀಕ್ ಪುರಾಣದಲ್ಲಿ ಚಿನ್ನದ ಉಣ್ಣೆ ಹುಡುಕಿ ಹೋದವರ ಹಡಗಿನ ಹೆಸರೂ ಅದೇ. ಮನುಷ್ಯನಿಗೆ ತನ್ನ ಕತೆ ತಾನೇ ಬರೆದುಕೊಳ್ಳುವುದು ಚೆನ್ನಾಗಿ ಗೊತ್ತಿತ್ತು.

ಜಮೀನು ಆರಿಸಿಕೊಂಡದ್ದು ಕೌಪಾಸ್ಚರ್ಸ್ ಎಂಬ ಕಡೆ, ನೇಪಿಯನ್ ಹೊಳೆಯ ಆಚೆ. ಆ ಹೆಸರಿನ ಹಿಂದೆಯೂ ಒಂದು ತಮಾಷೆ ಇದೆ. 1788ರಲ್ಲಿ ಮೊದಲ ಹಡಗುಗಳಲ್ಲಿ ತಂದಿದ್ದ ನಾಲ್ಕಾರು ದನ ಕಟ್ಟು ಬಿಚ್ಚಿಕೊಂಡು ಕಾಡು ಸೇರಿದ್ದವು. ಹೋದವು ಎಂದು ಎಲ್ಲರೂ ಕೈಬಿಟ್ಟರು. ಏಳು ವರ್ಷದ ಮೇಲೆ, 1795ರಲ್ಲಿ, ದೊಡ್ಡ ಹಿಂಡಾಗಿ ಅಲ್ಲಿ ಮೇಯುತ್ತಾ ಸಿಕ್ಕವು. ಒಳ್ಳೇ ಹುಲ್ಲು ಎಲ್ಲಿದೆ ಎಂದು ಗವರ್ನರಿಗಿಂತ ಮೊದಲು ಕಂಡುಹಿಡಿದದ್ದು ದನಗಳು!

ಕುರಿಹಟ್ಟಿ

ದನ ತಪ್ಪಿಸಿಕೊಂಡರೆ ಹೋಗುವುದು ಮೇವು ನೀರು ಇದ್ದಲ್ಲಿಗೇ. ಅದರ ಹಿಂದೆ ಹೋದರೆ ಸಾಕು, ಸರ್ವೆಯವನು ಬೇಡ.

ಲೆಕ್ಕದಮ್ಮ

ಇಷ್ಟೂ ಕತೆಯಲ್ಲಿ ಒಂದು ಲೆಕ್ಕ ಯಾರೂ ಹಾಕಲಿಲ್ಲ. 1801ರಿಂದ 1805ರವರೆಗೆ ಗಂಡ ಇಂಗ್ಲೆಂಡಿನಲ್ಲಿ. 1809ರಿಂದ 1817ರವರೆಗೆ ಮತ್ತೆ ಇಂಗ್ಲೆಂಡಿನಲ್ಲಿ. ಕೂಡಿಸಿ. ಹನ್ನೆರಡು ವರ್ಷ. ಅಷ್ಟು ವರ್ಷ ಕುರಿಗಳನ್ನು ಯಾರು ನೋಡಿಕೊಂಡರು?

ಎಲಿಜಬೆತ್. ಡೆವನ್ ಸೀಮೆಯ ರೈತನ ಮಗಳು. ಬಂದ ಹಡಗಿನ ಕತೆಯೇ ಭಯಂಕರ. ಅದು ಸೆಕೆಂಡ್ ಫ್ಲೀಟ್, ಅಂದರೆ ಕೈದಿಗಳನ್ನು ತಂದ ಎರಡನೇ ಹಡಗಿನ ಗುಂಪು; ಕೈದಿಗಳಲ್ಲಿ ನಾಲ್ವರಲ್ಲಿ ಒಬ್ಬರು ದಾರಿಯಲ್ಲೇ ಸತ್ತರು. ಆ ಪ್ರಯಾಣದಲ್ಲೇ ಈಕೆಗೆ ಹೆಣ್ಣುಮಗು ಹುಟ್ಟಿ ತೀರಿಕೊಂಡಿತು. ಕಂಕುಳಲ್ಲಿ ಕಾಯಿಲೆಯ ಇನ್ನೊಂದು ಮಗು. ಇಳಿದ ಊರಿನಲ್ಲಿ ಮಾತಾಡಲು ಒಬ್ಬ ಗೆಳತಿಯೂ ಇಲ್ಲ. ಹೊತ್ತು ಕಳೆಯಲು ಒಬ್ಬ ಅಧಿಕಾರಿಯಿಂದ ನಕ್ಷತ್ರಗಳ ಪಾಠ ಹೇಳಿಸಿಕೊಂಡಳು, ಗಿಡಮರಗಳ ಬಗ್ಗೆ ಓದಿದಳು. ಊರಿಗೆ ಬರೆದ ಪತ್ರಗಳಲ್ಲಿ ಇದೆಲ್ಲ ಇದೆ.

ಗಂಡ ಇಲ್ಲದಾಗ ಯಾವ ಟಗರನ್ನು ಯಾವ ಹಿಂಡಿಗೆ ಬಿಡಬೇಕು, ಯಾವುದನ್ನು ಮಾರಬೇಕು, ಉಣ್ಣೆ ಯಾವಾಗ ಕತ್ತರಿಸಬೇಕು, ಹಡಗಿಗೆ ಎಷ್ಟು ಮೂಟೆ, ಕೆಲಸದ ಕೈದಿಗಳಿಗೆ ರೇಷನ್ ಎಷ್ಟು, ಎಲ್ಲ ಈಕೆಯ ತಲೆಯಲ್ಲಿ. ಪ್ಯಾರಮಟ್ಟದಿಂದ ಕ್ಯಾಮ್ಡನ್‌ಗೆ ಕುದುರೆಯ ಮೇಲೆ ಹೋಗಿ ಬರುತ್ತಿದ್ದಳು. ಪಕ್ಕದಲ್ಲಿ ಹೆಣ್ಣುಮಕ್ಕಳು. ಗಂಡುಮಕ್ಕಳೆಲ್ಲ ಇಂಗ್ಲೆಂಡಿನಲ್ಲಿ. ಗಂಡ ಅಲ್ಲಿಂದ ಉದ್ದುದ್ದ ಪತ್ರದಲ್ಲಿ ಸಲಹೆ ಕಳಿಸುತ್ತಿದ್ದ. ಪತ್ರ ಕೈಸೇರುವ ಹೊತ್ತಿಗೆ ಮರಿ ಕುರಿಯಾಗಿರುತ್ತಿತ್ತು! ಬೇಸಾಯ ಸುಧಾರಿಸಿದ್ದಕ್ಕೆ ಮೆಚ್ಚಿ ಗವರ್ನರ್ ಮ್ಯಾಕ್ವಾರಿ ಈಕೆಯ ಹೆಸರಿನಲ್ಲೇ 600 ಎಕರೆ ಕೊಟ್ಟ. 1790ರಲ್ಲಿ ಬಂದವಳು 1850ರಲ್ಲಿ ಸಾಯುವವರೆಗೆ ಒಮ್ಮೆಯೂ ತವರಿಗೆ ಹೋಗಲಿಲ್ಲ.

ಆದರೆ 1822ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಒಳ್ಳೇ ಉಣ್ಣೆಗೆಂದು ಎರಡು ಚಿನ್ನದ ಪದಕ ಕೊಟ್ಟದ್ದು ಯಾರಿಗೆ? ಜಾನ್‌ಗೆ. 1966ರಲ್ಲಿ 2 ಡಾಲರ್ ನೋಟಿನ ಮೇಲೆ ಮೆರಿನೊ ಟಗರಿನ ಪಕ್ಕ ಮುಖ ಬಂದದ್ದು? ಜಾನ್‌ದೇ. ಟಗರಿಗೂ ಜಾಗ ಸಿಕ್ಕಿತು, ಹೆಂಡತಿಗೆ ಸಿಗಲಿಲ್ಲ.

ಸುಮ್ನೆ ಓದೋಳು

ಕೊನೇ ಸಾಲು 👏👏. ಎರಡನೇ ಸಲ ಎಂಟು ವರ್ಷ ಯಾಕೆ ಹೋದ? ಮತ್ತೆ ದ್ವಂದ್ವಯುದ್ಧವಾ?

ಹಳೇ ಪುಸ್ತಕ

ಈ ಸಲ ಸರ್ಕಾರವನ್ನೇ ಉರುಳಿಸಿದ್ದ. ಬೌಂಟಿ ಹಡಗಿನ ದಂಗೆಗೆ ಸಿಕ್ಕಿದ್ದ ಬ್ಲೈ ಎಂಬಾತ ಗವರ್ನರ್ ಆಗಿ ಬಂದ. ಅಧಿಕಾರಿಗಳು ರಮ್ ವ್ಯಾಪಾರದಲ್ಲಿ ಕೊಬ್ಬಿದ್ದರು. ಕೂಲಿಯನ್ನೂ ರಮ್ಮಿನಲ್ಲೇ ಕೊಡುತ್ತಿದ್ದ ಕಾಲ. ಬ್ಲೈ ಅದಕ್ಕೆ ಕೈ ಹಾಕಿದ, ಮೆಕಾರ್ಥರ್‌ನನ್ನು ಕೋರ್ಟಿಗೆ ಎಳೆದ. 1808ರ ಜನವರಿ 26ರಂದು ಮೇಜರ್ ಜಾನ್‌ಸ್ಟನ್ ಸೈನ್ಯ ತೆಗೆದುಕೊಂಡು ಹೋಗಿ ಗವರ್ನರನ್ನೇ ಬಂಧಿಸಿದ. ಹಿಂದಿನಿಂದ ದಾರ ಎಳೆದವನು ಮೆಕಾರ್ಥರ್. ವಾಪಸ್ ಬಂದರೆ ವಿಚಾರಣೆ ಎಂದು ಆಜ್ಞೆ ಇತ್ತು, ಅದಕ್ಕೇ ಇಂಗ್ಲೆಂಡಿನಲ್ಲಿ ಉಳಿದ.

ಲೆಕ್ಕದಮ್ಮನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೊನೆಗಾಲದಲ್ಲಿ ಅವನ ಬುದ್ಧಿ ಸ್ಥಿಮಿತ ತಪ್ಪಿತು. ಅಷ್ಟು ವರ್ಷ ಮನೆ ಕಾಯ್ದ ಹೆಂಡತಿಯ ಶೀಲದ ಮೇಲೇ ಅನುಮಾನ ಪಟ್ಟ. 1832ರಲ್ಲಿ ಹುಚ್ಚು ಎಂದು ಅಧಿಕೃತವಾಗಿ ಘೋಷಿಸಿದರು. 1834ರಲ್ಲಿ ಕ್ಯಾಮ್ಡನ್‌ನಲ್ಲಿ ತೀರಿಕೊಂಡ. ವಾಸ್ತುಶಿಲ್ಪಿ ಜಾನ್ ವರ್ಜ್‌ನಿಂದ ನಕ್ಷೆ ಹಾಕಿಸಿದ್ದ ಕ್ಯಾಮ್ಡನ್ ಪಾರ್ಕ್ ಮಹಲು ಮುಗಿದದ್ದು 1835ರಲ್ಲಿ. ಅದರಲ್ಲಿ ಒಂದು ದಿನವೂ ಬಾಳಲಿಲ್ಲ.

ಖಾರದ ಮಾತು

ನೋಟಿನ ಮಾತು ಬಂತಲ್ಲ, ಹೇಳುತ್ತೇನೆ. 'ಉಣ್ಣೆ ಉದ್ಯಮದ ಪಿತಾಮಹ' ಎಂಬ ಬಿರುದೇ ದೊಡ್ಡ ಬುರುಡೆ.

ಮೆರಿನೊ ತಂದದ್ದು ವಾಟರ್‌ಹೌಸ್, ಕೆಂಟ್. ಮೆಕಾರ್ಥರ್ ಕೊಂಡವನು ಅಷ್ಟೇ. ಪಾದ್ರಿ ಮಾರ್ಸ್‌ಡನ್ ಕೂಡ ಅದೇ ಕಾಲಕ್ಕೆ ಕುರಿ ಬೆಳೆಸಿದ. ಇಂಗ್ಲೆಂಡಿಗೆ ಉಣ್ಣೆ ತೆಗೆದುಕೊಂಡು ಹೋಗಿ ಅದರಲ್ಲೇ ಸೂಟು ನೇಯಿಸಿದ, ಅದನ್ನು ನೋಡಿ ಮೆಚ್ಚಿ ರಾಜ ಅವನಿಗೂ ಮೆರಿನೊ ಕೊಟ್ಟ. ಆಮೇಲೆ ಜರ್ಮನಿಯ ಸ್ಯಾಕ್ಸನ್ ಮೆರಿನೊ ತರಿಸಿದವರಿದ್ದಾರೆ. ಎಲೈಜಾ ಫೋರ್ಲಾಂಗ್ ಎಂಬ ಹೆಂಗಸು ಸ್ಯಾಕ್ಸನಿಯಲ್ಲಿ ಹಳ್ಳಿ ಹಳ್ಳಿ ಕಾಲ್ನಡಿಗೆಯಲ್ಲಿ ತಿರುಗಿ ಒಂದೊಂದೇ ಕುರಿ ಆರಿಸಿ ತಂದಳು. 1860ರ ದಶಕದಲ್ಲಿ ವಾಂಗನೆಲ್ಲಾದಲ್ಲಿ ಪೆಪಿನ್ ಮನೆತನದವರು ಒಣ ಬಯಲಿಗೆ ಹೊಂದುವ ದೊಡ್ಡ ಮೈಕಟ್ಟಿನ ಮೆರಿನೊ ಮಾಡಿದರು. ಇವತ್ತು ಆಸ್ಟ್ರೇಲಿಯಾದ ಮೆರಿನೊಗಳಲ್ಲಿ ಬಹುಪಾಲು ಪೆಪಿನ್ ರಕ್ತ. ಕ್ಯಾಮ್ಡನ್ ರಕ್ತ ಹುಡುಕಿದರೂ ಸಿಗುವುದು ಕಷ್ಟ.

ಹಾಗಾದರೆ ಮೆಕಾರ್ಥರ್ ಮಾಡಿದ್ದೇನು? ಪ್ರಚಾರ. ಮಂತ್ರಿಯ ಬಾಗಿಲು ತಟ್ಟಿದ, ಗಿರಣಿಯವರನ್ನು ಹಿಡಿದ, ಪತ್ರ ಬರೆದ.

ಬ್ರಿಸ್ಬೇನ್ ಬಾವ

ಪ್ರಚಾರ ಎಂದು ಅಷ್ಟು ಹಗುರ ಮಾಡಬೇಡಿ ಗುರೂ. ಮಾಲು ಇದ್ದರೆ ಸಾಲದು, ಮಾರುಕಟ್ಟೆ ಬೇಕು. ಆರು ತಿಂಗಳ ಹಡಗಿನ ದಾರಿಯಲ್ಲಿ ಕೆಡದೆ ಹೋಗುವ, ತೂಕಕ್ಕೆ ತಕ್ಕ ಬೆಲೆ ಬರುವ ಸರಕು ಇಲ್ಲಿ ಬೇರೆ ಏನಿತ್ತು? ಗೋಧಿ ಕಳಿಸಿದರೆ ಹಡಗಿನ ಬಾಡಿಗೆಯೂ ಹುಟ್ಟದು. ಉಣ್ಣೆಯೇ ಸರಿ ಎಂದು ಕಂಡು, ಲಂಡನ್ನಿನವರನ್ನು ನಂಬಿಸಿದ್ದು ಅವನು. ಮಗ ಜಾನ್ ಲಂಡನ್ನಿನಲ್ಲೇ ಇದ್ದು ಹಣವಂತರನ್ನು ಸೇರಿಸಿದ. 1824ರಲ್ಲಿ ಆಸ್ಟ್ರೇಲಿಯನ್ ಅಗ್ರಿಕಲ್ಚರಲ್ ಕಂಪನಿ ಹುಟ್ಟಿತು, ಅದಕ್ಕೆ 10 ಲಕ್ಷ ಎಕರೆ ಮಂಜೂರಾಯಿತು. ಆ ಕಂಪನಿ ಇವತ್ತಿಗೂ ಇದೆ, ನಮ್ಮ ಕ್ವೀನ್ಸ್‌ಲ್ಯಾಂಡಿನಲ್ಲಿ ದನ ಸಾಕುತ್ತಿದೆ.

ಪೆಪಿನ್ ಬಗ್ಗೆ ಹೇಳಿದ್ದು ಒಪ್ಪುತ್ತೇನೆ.

ಕುರಿಹಟ್ಟಿ

ಕುರಿ ಕಾಯ್ದವರು ಯಾರು ಅಂತ ಯಾರೂ ಬರೆಯಲಿಲ್ಲ. ಎಕರೆ, ಪದಕ, ಮಂತ್ರಿ ಎಲ್ಲ ಬಂತು. ಸಾವಿರಾರು ಕುರಿ ತಾವೇ ಮೇಯ್ದು ಬರುತ್ತವಾ?

ಹಳೇ ಪುಸ್ತಕ

ಒಳ್ಳೇ ಪ್ರಶ್ನೆ. ಕಾಯ್ದವರು ಕೈದಿಗಳು. ಇಂಗ್ಲೆಂಡಿನಲ್ಲಿ ಜೇಬು ಕತ್ತರಿಸಿಯೋ ಬಟ್ಟೆ ಕದ್ದೋ ಸಿಕ್ಕಿಬಿದ್ದವರು. ಲಂಡನ್ನಿನ ಗಲ್ಲಿಯಲ್ಲಿ ಹುಟ್ಟಿದವರಲ್ಲಿ ಎಷ್ಟೋ ಜನ ಜೀವಂತ ಕುರಿಯನ್ನು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಸರ್ಕಾರ ಅವರನ್ನು ಜಮೀನುದಾರರಿಗೆ ಹಂಚುತ್ತಿತ್ತು. ಊಟ ಬಟ್ಟೆ ಕೊಟ್ಟರೆ ಆಯಿತು.

ಆಗ ಬೇಲಿ ಇರಲಿಲ್ಲ. ಒಬ್ಬನಿಗೆ 300ರ ಆಸುಪಾಸು ಕುರಿ. ಬೆಳಿಗ್ಗೆ ಹೊಡೆದುಕೊಂಡು ಹೋಗಿ ಮೇಯಿಸಿ ಸಂಜೆ ತರಬೇಕು. ರಾತ್ರಿ ತಡಿಕೆ ಕಟ್ಟಿದ ರೊಪ್ಪದಲ್ಲಿ ಕೂಡಿ ಹಾಕಬೇಕು. ಡಿಂಗೊ ನಾಯಿ ಬರದಂತೆ ಪಕ್ಕದಲ್ಲೇ ಒಬ್ಬ ಕಾವಲು ಮಲಗಬೇಕು. ತಡಿಕೆಗಳನ್ನು ಆಗಾಗ ಕಿತ್ತು ಬೇರೆ ಜಾಗಕ್ಕೆ ಹಾಕಬೇಕು. ಕುರಿ ಕಳೆದರೆ ಚಾಟಿ ಏಟು ಬೀಳುತ್ತಿದ್ದ ಕಾಲ ಅದು. ತಂತಿ ಬೇಲಿ ಎಲ್ಲೆಡೆ ಹಬ್ಬಿದ್ದು 1850ರ ದಶಕದಲ್ಲಿ ಚಿನ್ನ ಸಿಕ್ಕಿ, ಕುರಿಗಾಹಿಗಳೆಲ್ಲ ಚಿನ್ನ ಅಗೆಯಲು ಓಡಿಹೋದ ಮೇಲೆ.

ಕುರಿಹಟ್ಟಿ

ತಡಿಕೆ, ರೊಪ್ಪ, ಕಾವಲು. ನಮ್ಮಪ್ಪ ಮಾಡಿದ್ದೂ ಅದೇ. ನಾಯಿಯ ಬದಲು ತೋಳ ಅಷ್ಟೇ. ವ್ಯತ್ಯಾಸ ಏನೆಂದರೆ ಕುರಿ ನಮ್ಮದಾಗಿತ್ತು.

ಖಾರದ ಮಾತು

ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡೋಣ. ಮಂತ್ರಿ ಲಂಡನ್ನಿನಲ್ಲಿ ಕೂತು 5,000 ಎಕರೆ ಕೊಟ್ಟನಲ್ಲ, ಅದು ಯಾರದ್ದು?

ಬ್ರಿಸ್ಬೇನ್ ಬಾವ

ಬಂತಪ್ಪ! 200 ವರ್ಷದ ಹಿಂದಿನದ್ದನ್ನು ಈಗ ಕೆದಕಿ ಏನು ಮಾಡೋಣ? ನಾವೂ ಇಲ್ಲಿಗೆ ಬಂದು ಮನೆ ಕಟ್ಟಿಕೊಂಡವರೇ ಅಲ್ವಾ?

ಪ್ಯಾರಮಟ್ಟ ನಿವಾಸಿ

ಬಾವ, ಅದಕ್ಕೇ ಕೇಳಬೇಕು ಅನ್ನಿಸುತ್ತದೆ. ನನ್ನ ಮನೆಯ ಸಾಲದ ಕಂತು ಇನ್ನೂ 22 ವರ್ಷ ಇದೆ. ಆ ನೆಲ ಮೊದಲು ಯಾರದ್ದಾಗಿತ್ತು ಎಂದು ತಿಳಿದುಕೊಂಡರೆ ಬ್ಯಾಂಕಿನವರು ಬೇಸರ ಮಾಡಿಕೊಳ್ಳುವುದಿಲ್ಲ 🙂

ಎಲಿಜಬೆತ್ ಫಾರ್ಮ್ ಇರುವ ಜಾಗ ಬರ್ರಮಟ್ಟಗಲ್ ಜನರದ್ದು. ಪ್ಯಾರಮಟ್ಟ ಎಂಬ ಹೆಸರೇ ಅವರಿಂದ ಬಂದದ್ದು. ಕ್ಯಾಮ್ಡನ್ ಕಡೆಯದು ಧಾರವಾಲ್ ಜನರ ನೆಲ. ಮೇಷ್ಟ್ರು ಹೇಳಿದ ಕಾಡುದನಗಳನ್ನು ಮೊದಲು ನೋಡಿದ್ದು ಅವರೇ. ಕ್ಯಾಂಬೆಲ್‌ಟೌನ್ ಹತ್ತಿರದ ಒಂದು ಗುಹೆಯ ಗೋಡೆ ಮೇಲೆ ದೊಡ್ಡದಾಗಿ ಗೂಳಿಯ ಚಿತ್ರ ಬರೆದಿದ್ದಾರೆ. ಬುಲ್ ಕೇವ್ ಎನ್ನುತ್ತಾರೆ. ಎಂದೂ ಕಾಣದ ಪ್ರಾಣಿ ಕಣ್ಣಿಗೆ ಬಿದ್ದಾಗ ಹೇಗಿರಬೇಡ!

ಹಳೇ ಪುಸ್ತಕ

ಸಂಬಂಧ ಒಂದೇ ತರ ಇರಲಿಲ್ಲ. ಬ್ರಿಟಿಷರ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಪೆಮುಲ್ವುಯ್ ಎಂಬ ವೀರನ ಮಗ ಟೆಡ್ಬರಿ ಮೆಕಾರ್ಥರ್ ಮನೆಗೆ ಬಂದು ಹೋಗುತ್ತಿದ್ದ ಗೆಳೆಯ. ಮೆಕಾರ್ಥರ್‌ಗೆ ತೊಂದರೆ ಆಗಿದೆ ಎಂದು ಕೇಳಿ, ಗವರ್ನರ್ ಬ್ಲೈಗೆ ಈಟಿ ಹಾಕುತ್ತೇನೆ ಎಂದು ಹೊರಟವನು ಅವನು.

ಆದರೆ 1814ರಿಂದ 1816ರವರೆಗೆ ಬರಗಾಲ. ಕುರಿ ದನ ಮೇಯ್ದು ಅವರ ಗೆಡ್ಡೆ ಗೆಣಸಿನ ಜಾಗ ಹಾಳಾಗಿತ್ತು. ಹಸಿದವರು ಜೋಳದ ಹೊಲಕ್ಕೆ ಇಳಿದರು. ಗುಂಡು ಹಾರಿತು, ಈಟಿ ಬಂತು, ಎರಡೂ ಕಡೆ ಹೆಣ ಬಿದ್ದವು. ಗವರ್ನರ್ ಮ್ಯಾಕ್ವಾರಿ ಸೈನ್ಯ ಕಳಿಸಿದ. 1816ರ ಏಪ್ರಿಲ್ 17ರ ನಸುಕಿನಲ್ಲಿ ಆ್ಯಪಿನ್ ಹತ್ತಿರ ಕ್ಯಾಪ್ಟನ್ ವಾಲಿಸ್‌ನ ಸೈನಿಕರು ಮಲಗಿದ್ದ ಶಿಬಿರದ ಮೇಲೆ ಬಿದ್ದರು. ಓಡಿದವರು ಕತ್ತಲಲ್ಲಿ ಕಡಿದಾದ ಕಮರಿಗೆ ಬಿದ್ದು ಸತ್ತರು. ಕಡಿಮೆ ಎಂದರೂ 14 ಜನ. ಹೆಂಗಸರು, ಮಕ್ಕಳೂ ಇದ್ದರು. ಇದು ಕ್ಯಾಮ್ಡನ್ ಎಸ್ಟೇಟಿನಿಂದ ಬಹಳ ದೂರದ ಮಾತಲ್ಲ. ಎಲಿಜಬೆತ್‌ಗೆ 600 ಎಕರೆ ಕೊಟ್ಟ ಮ್ಯಾಕ್ವಾರಿಯೇ ಈ ಸೈನ್ಯ ಕಳಿಸಿದವನೂ.

ಲೆಕ್ಕದಮ್ಮ

ನೋಟಿನ ಕತೆಯ ಬಾಲ ಹೇಳುವುದು ಮರೆತೆ. ಆ 2 ಡಾಲರ್ ನೋಟು 1988ರಲ್ಲಿ ನಿಂತಿತು, ಬದಲಿಗೆ ನಾಣ್ಯ ಬಂತು. ನಾಣ್ಯದ ಮೇಲಿರುವುದು ಗಡ್ಡದ ಮೂಲನಿವಾಸಿ ಹಿರಿಯನ ಮುಖ. ಪರ್ಸಿನಲ್ಲಿ ಇದ್ದರೆ ತೆಗೆದು ನೋಡಿ.

ಬ್ರಿಸ್ಬೇನ್ ಬಾವ

ನೋಡಿದೆ. ಇಷ್ಟು ವರ್ಷ ಪಾರ್ಕಿಂಗ್ ಮೆಷಿನ್ನಿಗೆ ಹಾಕುತ್ತಿದ್ದೆ, ಮುಖ ಗಮನಿಸಿರಲಿಲ್ಲ. ಕೆದಕಬೇಡಿ ಎಂದದ್ದು ವಾಪಸ್ ತೆಗೆದುಕೊಂಡೆ.

ಪಶುವೈದ್ಯ (ನಿವೃತ್ತ)

ತಡವಾಗಿ ಬಂದೆ. ಬಂಗಾಳದ ಕುರಿಯ ವಿಷಯ ಅಲ್ಲಿಗೇ ಬಿಟ್ಟಿದ್ದೀರಿ, ಅದೇ ಎಲ್ಲಕ್ಕಿಂತ ಸ್ವಾರಸ್ಯ.

ಉಣ್ಣೆಗೆ ಬಾರದ ಕುರಿ ಎಂದು ಇತಿಹಾಸದವರು ಅದನ್ನು ಮರೆತರು. ಆದರೆ ಅದು ಹೋಗಿರಲಿಲ್ಲ. ನ್ಯೂ ಸೌತ್ ವೇಲ್ಸಿನ ಕೂಮಾ ಹತ್ತಿರ ಬೂರೂಲ ಎಂಬ ಫಾರ್ಮ್. ಅಲ್ಲಿಯ ಮೆರಿನೊ ಹಿಂಡಿನಲ್ಲಿ ಕುರಿಗಳು ಒಂದೇ ಸೂಲಿಗೆ ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಜಾಸ್ತಿ ಮರಿ ಹಾಕುತ್ತಿದ್ದವು. ಸಾಮಾನ್ಯ ಮೆರಿನೊ ಹಾಕುವುದು ಹೆಚ್ಚಾಗಿ ಒಂದು, ಕೆಲವೊಮ್ಮೆ ಎರಡು. 1950ರ ದಶಕದ ಕೊನೆಗೆ ಆಸ್ಟ್ರೇಲಿಯಾ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಆ ಕುರಿಗಳನ್ನು ತಂದು ಅಭ್ಯಾಸ ಮಾಡಿದರು. ಒಂದೇ ಒಂದು ವಂಶವಾಹಿ ಇದಕ್ಕೆ ಕಾರಣ ಎಂದು ಗೊತ್ತಾಯಿತು. ಎಫ್‌ಇಸಿ-ಬಿ ಎಂದು ಹೆಸರಿಟ್ಟರು. ಕೊನೆಯ ಬಿ ಎಂದರೆ ಬೂರೂಲ. 2001ರಲ್ಲಿ ಅದು ಯಾವ ಜಾಗದ ಬದಲಾವಣೆ ಎಂಬುದೂ ಸಿಕ್ಕಿತು.

ಮೆರಿನೊಗೆ ಇದು ಎಲ್ಲಿಂದ ಬಂತು? ಹಳೇ ದಾಖಲೆ ಹಿಡಿದು ಹಿಂದೆ ಹೋದರೆ ಪಾದ್ರಿ ಮಾರ್ಸ್‌ಡನ್‌ನ ಹಿಂಡು, ಅದರ ಹಿಂದೆ 1790ರ ದಶಕದಲ್ಲಿ ಕಲ್ಕತ್ತೆಯಿಂದ ಬಂದ ಕುರಿಗಳು. ಇತ್ತ ಸುಂದರಬನದ ಗರೋಲ್ ಎಂಬ ಪುಟ್ಟ ಕುರಿಯನ್ನು ಪರೀಕ್ಷೆ ಮಾಡಿದರು. ಅದೇ ವಂಶವಾಹಿ, ಅದೇ ಬದಲಾವಣೆ! ಕೆಸರಲ್ಲಿ ನಿಂತು ಮೇಯುವ, ಮೊಣಕಾಲೆತ್ತರದ ಬಡವರ ಕುರಿ ಅದು.

ಇನ್ನೂ ಇದೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ನಿಂಬಕರ್ ಸಂಸ್ಥೆಯವರು ಇದೇ ಗರೋಲ್‌ನ ವಂಶವಾಹಿಯನ್ನು ಡೆಕ್ಕನಿ ಕುರಿಗೆ ಸೇರಿಸಿ ಅವಳಿ ಮರಿ ಹಾಕುವ ತಳಿ ಮಾಡಿದ್ದಾರೆ. ಕುರಿಹಟ್ಟಿಯವರೇ, ನಿಮ್ಮ ಡೆಕ್ಕನಿಗೇ!

ಕುರಿಹಟ್ಟಿ

ಡಾಕ್ಟ್ರೇ, ಮೇಲೆ ನಾನೇ ಬಂಗಾಳದ ಕುರಿಯನ್ನು ಹೀಯಾಳಿಸಿದ್ದೆ. ಈಗ ಸ್ವಲ್ಪ ನಾಚಿಕೆಯಾಗುತ್ತಿದೆ. ಆದರೆ ಒಂದು ಅನುಮಾನ. ಎರಡು ಮರಿ ಹಾಕಿದರೆ ಹಾಲು ಸಾಕಾಗಬೇಕಲ್ಲ? ನಮ್ಮ ಕಡೆ ಬೇಸಿಗೆಯಲ್ಲಿ ಒಂದಕ್ಕೇ ಕಷ್ಟ.

ಪಶುವೈದ್ಯ (ನಿವೃತ್ತ)

ಸರಿಯಾದ ಅನುಮಾನ. ಮೇವು ಚೆನ್ನಾಗಿದ್ದರೆ ಮಾತ್ರ ಲಾಭ. ಆಸ್ಟ್ರೇಲಿಯಾದ ಒಣ ಬಯಲಿನ ದೊಡ್ಡ ಎಸ್ಟೇಟುಗಳಲ್ಲೂ ಇದೇ ಕಾರಣಕ್ಕೆ ಬೂರೂಲ ಅಷ್ಟಾಗಿ ಹಬ್ಬಲಿಲ್ಲ. ನಾಲ್ಕು ಮರಿ ಹುಟ್ಟಿ ಮೂರು ಸತ್ತರೆ ಏನು ಬಂತು?

ಸುಮ್ನೆ ಓದೋಳು

ಈ ಚರ್ಚೆ ಬಿಟ್ಟು ಏಳಲು ಆಗುತ್ತಿಲ್ಲ, ಸಾರು ಸೀದುಹೋಯಿತು. ಮೆಕಾರ್ಥರ್ ಸತ್ತ ಮೇಲೆ ಎಸ್ಟೇಟ್ ಏನಾಯಿತು, ಬೇಗ ಹೇಳಿ.

ಹಳೇ ಪುಸ್ತಕ

ಬೇಗನೇ ಹೇಳುತ್ತೇನೆ. ಮಕ್ಕಳಾದ ಜೇಮ್ಸ್ ಮತ್ತು ವಿಲಿಯಂ ನಡೆಸಿದರು. ಅವರ ಕಾಲಕ್ಕೆ ಎಸ್ಟೇಟ್ 25 ಸಾವಿರ ಎಕರೆ ದಾಟಿತ್ತು. ಜೇಮ್ಸ್ ರಾಜಕೀಯದವನು, ವಿಲಿಯಂ ಗಿಡಮರದವನು. 1838ರಲ್ಲಿ ಜರ್ಮನಿಯಿಂದ ದ್ರಾಕ್ಷಿ ಬೆಳೆಯಲು ಗೊತ್ತಿದ್ದ ಆರು ಕುಟುಂಬಗಳನ್ನು ಕರೆಸಿದರು. ವಿಲಿಯಂನ ನರ್ಸರಿಯಿಂದ ಕಮೀಲಿಯ, ದ್ರಾಕ್ಷಿ, ಹಣ್ಣಿನ ಗಿಡಗಳು ವಸಾಹತಿನ ತುಂಬ ಹೋದವು. 1840ರಲ್ಲಿ ಎಸ್ಟೇಟಿನ ಒಂದು ಮೂಲೆಯಲ್ಲೇ ಕ್ಯಾಮ್ಡನ್ ಊರು ಹುಟ್ಟಿತು.

ದಾಯಾದಿ ಹ್ಯಾನಿಬಲ್ ಮೆಕಾರ್ಥರ್ ಕತೆ ಬೇರೆ. 1840ರ ದಶಕದಲ್ಲಿ ಉಣ್ಣೆ ಬೆಲೆ ಕುಸಿದು ಬ್ಯಾಂಕುಗಳು ಮುಳುಗಿದಾಗ ಅವನು ದಿವಾಳಿ ಎದ್ದ. ಅವನ ವಿನ್ಯಾರ್ಡ್ ಎಂಬ ಚೆಂದದ ಮನೆ ಕಾನ್ವೆಂಟ್ ಆಯಿತು, 1961ರಲ್ಲಿ ಅದನ್ನೂ ಕೆಡವಿದರು.

ಲೆಕ್ಕದಮ್ಮ

ಮುಂದಿನದು ನಾನು. ಜೇಮ್ಸ್‌ನ ಒಬ್ಬಳೇ ಮಗಳು, ಅವಳ ಹೆಸರೂ ಎಲಿಜಬೆತ್. ಆರ್ಥರ್ ಆನ್ಸ್ಲೊ ಎಂಬ ನೌಕಾಪಡೆ ಕ್ಯಾಪ್ಟನನ್ನು ಮದುವೆಯಾದಳು. 1882ರಲ್ಲಿ ಗಂಡ, ಚಿಕ್ಕಪ್ಪ ವಿಲಿಯಂ ಇಬ್ಬರೂ ಹೋದರು. ಮತ್ತೆ ಎಸ್ಟೇಟ್ ಒಬ್ಬ ಎಲಿಜಬೆತ್ ಕೈಗೆ! ಗೋಧಿಗೆ ತುಕ್ಕು ರೋಗ ಬಂದು ಒಕ್ಕಲುಗಳು ಸೋತಿದ್ದರು, ಕುರಿ ಆಗಲೇ ಒಳನಾಡಿಗೆ ಹೋಗಿತ್ತು. ಈಕೆ ಯುರೋಪಿಗೆ ಹೋಗಿ ಹೈನುಗಾರಿಕೆ ನೋಡಿ ಬಂದಳು. ಕೆನೆ ತೆಗೆಯುವ ಘಟಕಗಳನ್ನು ಹಾಕಿಸಿದಳು. ಕುರಿ ಎಸ್ಟೇಟ್ ಹಾಲಿನ ಎಸ್ಟೇಟ್ ಆಯಿತು. 1952ರಲ್ಲಿ ಮೆನಾಂಗಲ್‌ನಲ್ಲಿ ರೋಟೊಲ್ಯಾಕ್ಟರ್ ಎಂಬ ತಿರುಗುವ ಹಾಲು ಕರೆಯುವ ಕಟ್ಟೆ ಹಾಕಿದರು. ಜಾತ್ರೆಯ ತಿರುಗಣೆಯ ಹಾಗೆ ಹಸುಗಳು ಹತ್ತುವುದು, ಒಂದು ಸುತ್ತಿಗೆ ಹಾಲು ಕೊಟ್ಟು ಇಳಿಯುವುದು. ನೋಡಲು ಜನ ಬಸ್ಸು ಮಾಡಿಕೊಂಡು ಬರುತ್ತಿದ್ದರಂತೆ.

ಪ್ಯಾರಮಟ್ಟ ನಿವಾಸಿ

ಈಗಿನದ್ದು ನಾನು ಸೇರಿಸುತ್ತೇನೆ. ಜಮೀನಿನ ಬಹುಭಾಗ ಸರ್ಕಾರದ ಕೈಗೆ, ಬಡಾವಣೆಗಳ ಕೈಗೆ ಹೋಗಿದೆ. ಎಲಿಜಬೆತ್ ಮೆಕಾರ್ಥರ್ ಹೆಸರಿನ ಕೃಷಿ ಸಂಸ್ಥೆ ಅಲ್ಲಿದೆ. ರಾಜ್ಯದ ಪಶುರೋಗ ಪರೀಕ್ಷೆಯ ದೊಡ್ಡ ಲ್ಯಾಬ್ ಅದು. ಅಂತೂ ಅಮ್ಮನಿಗೂ ಒಂದು ಬೋರ್ಡ್ ಸಿಕ್ಕಿತು, ಲೆಕ್ಕದಮ್ಮನವರೇ. ಹಳೇ ಕೊಟ್ಟಿಗೆ, ಕಣಜಗಳಿರುವ ಬೆಲ್ಜೆನಿ ಫಾರ್ಮನ್ನು ಸರ್ಕಾರ ಉಳಿಸಿಕೊಂಡಿದೆ, ಶಾಲಾ ಮಕ್ಕಳು ಹೋಗುತ್ತಾರೆ. 1835ರ ಮಹಲಿನಲ್ಲಿ ವಂಶದವರು ಇನ್ನೂ ವಾಸ ಇದ್ದಾರೆ, ವರ್ಷಕ್ಕೊಮ್ಮೆ ಜನರಿಗೆ ಬಾಗಿಲು ತೆಗೆಯುತ್ತಾರೆ. ಹಳೇ ಕ್ಯಾಮ್ಡನ್ ಪಾರ್ಕ್ ಮೆರಿನೊ ವಂಶದ ಸಣ್ಣ ಹಿಂಡೊಂದನ್ನು ಹೊರಗಿನ ಟಗರು ಸೇರಿಸದೆ ಉಳಿಸಿಕೊಂಡಿದ್ದಾರೆ.

ಮುಂದಿನ ಸಲ ಬಾಗಿಲು ತೆಗೆದಾಗ ಹೋಗುವುದು ಖಂಡಿತ. ಏನು ನೋಡಬೇಕು ಹೇಳಿ.

ಕುರಿಹಟ್ಟಿ

ಮನೆ ಆಮೇಲೆ ನೋಡಿ. ಕುರಿ ಹತ್ತಿರ ಬಿಟ್ಟರೆ ಭುಜದ ಮೇಲಿನ ಉಣ್ಣೆಯನ್ನು ಎರಡು ಕೈಯಿಂದ ಮೆಲ್ಲಗೆ ಬಿಡಿಸಿ. ಹೊರಗೆ ಧೂಳು ಹಿಡಿದು ಬೂದಿ ಬಣ್ಣ ಇರುತ್ತದೆ, ಅದಕ್ಕೆ ಮರುಳಾಗಬೇಡಿ. ಒಳಗೆ ಬೆಳ್ಳಗೆ, ಸಣ್ಣ ಸಣ್ಣ ಅಲೆ ಅಲೆಯಾಗಿ ಕಾಣಬೇಕು. ಅಲೆ ಎಷ್ಟು ಒತ್ತೊತ್ತಾಗಿದೆಯೋ ಸಾಮಾನ್ಯವಾಗಿ ಎಳೆ ಅಷ್ಟು ಸಣ್ಣ. ಬೆರಳಿಗೆ ಜಿಡ್ಡು ಹತ್ತಬೇಕು.

ಪ್ಯಾರಮಟ್ಟ ನಿವಾಸಿ

ಆಗಲಿ ಅಣ್ಣ. ಫೋಟೊ ಹಾಕುತ್ತೇನೆ.

ಕುರಿಹಟ್ಟಿ

ಫೋಟೊದಲ್ಲಿ ಏನೂ ತಿಳಿಯೊಲ್ಲ. ಮನೆಗೆ ಬಂದ ಮೇಲೆ ಕೈ ತೊಳೆಯುವ ಮೊದಲು ಮೂಸಿ ನೋಡಿ, ಹೇಗಿತ್ತು ಅಂತ ಬರೆಯಿರಿ.